ಡಬ್ಬಿಯೊಳಗಿನ ಅಪ್ಪ ಅಮ್ಮ

ದರ್ಜಿಯಮ್ಮ ಅಂಗಡಿಯ ಕರಾರು ಪತ್ರಕ್ಕಾಗಿ ವಕೀಲರ ಕಚೇರಿಯಲ್ಲಿ ಕಾಯುತ್ತಿದ್ದಳು. ಪಕ್ಕದಲ್ಲಿ ಗಂಡ ಹೆಂಡತಿ ಇಬ್ಬರು, ನಡುವೆ ಒಂದು ಕುರ್ಚಿ ಬಿಟ್ಟು ಕೂತಿದ್ದರು. ವಿಚ್ಛೇದನಕ್ಕೆ ಸಹಿ ಹಾಕಲು ಬಂದವರೆಂದು ಗುಮಾಸ್ತನ ಮಾತಿನಿಂದಲೇ ತಿಳಿದಿತ್ತು. ಬೇಡವೆಂದರೂ ಕಿವಿ ಅತ್ತಲೇ ಹೋಯಿತು.

"ಪುಟ್ಟಿ ಓದ್ತಾಳಾ?" ಗಂಡ ಮಗಳ ಬಗ್ಗೆ ಕೇಳಿದ.

"ಓದ್ತಾಳೆ, ಕಥೆ ಓದಿಸೋ ಆ ಮಾತಾಡೋ ಡಬ್ಬಿ ಜೊತೆ."

"ನಾನು ಓದಿ ಅದ್ರಲ್ಲಿ ರೆಕಾರ್ಡ್ ಮಾಡಿದ್ದು ಇನ್ನೂ ಇದೆಯಾ?"

"ಇದೆ. ಒಂದು ಪುಟ ನಿಂದು, ಒಂದು ನಂದು, ಆಮೇಲೆ ಅವಳ ಸರದಿ. ತಡವರಿಸಿದ್ರೆ ಹೇಳ್ಕೊಡುತ್ತೆ."

"ಒಳ್ಳೇದೇ ಆಯ್ತು."

"ಮೊನ್ನೆ ನಾನೇ ಪಕ್ಕದಲ್ಲಿ ಕೂತು ಓದ್ತೀನಿ ಅಂದೆ. ಬೇಡ ಅಂದ್ಲು."

"ಯಾಕಂತೆ?"

"'ನೀನು ಒಬ್ಬಳೇ ಓದ್ತೀಯ, ಡಬ್ಬೀಲಾದ್ರೆ ಅಪ್ಪ, ನೀನು ಇಬ್ರೂ ಓದ್ತೀರಿ' ಅಂದ್ಲು."

ಗಂಡ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಒರೆಸುತ್ತಲೇ ಇದ್ದ.

"ಭಾನುವಾರ ಬರ್ಲಾ? ಮೂವರೂ ಕೂತು ಓದೋಣ."

"ಬಾ. ಆದ್ರೆ ಓದಿ ಮುಗಿದ್ಮೇಲೆ ನೀನು ಎದ್ದು ಹೋಗ್ತೀಯ. ಡಬ್ಬಿ ಹೋಗಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ಹೊತ್ತು ಹೇಳುವವರಂತೆ ಹೇಳಿದಳು. ದರ್ಜಿಯಮ್ಮ ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಸಿದಳು, ಬಿಚ್ಚಿದಳು.

ಗುಮಾಸ್ತ ಗಂಡ ಹೆಂಡತಿಯನ್ನು ಒಳಗೆ ಕರೆದ. ಇಬ್ಬರೂ ಎದ್ದರು.

"ಪೆನ್ನು ತಂದಿದ್ದೀಯಾ?" ಗಂಡ ಕೇಳಿದ.

"ಒಳಗೆ ಅವರೇ ಕೊಡ್ತಾರೆ," ಎನ್ನುತ್ತ ಅವಳು ಮುಂದೆ ನಡೆದಳು.