ಐದೂವರೆಯ ಶ್ರುತಿ

ಪೂಜ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಇಂದು ಸನ್ಮಾನಿತರಾದ ಪಿಟೀಲು ಗುರುಗಳಾದ ತೀರ್ಥಪ್ಪನವರೇ, ಅಜ್ಜಂಪುರದ ಸಭಿಕ ಬಂಧುಗಳೇ, ಚಿತ್ರಗೀತೆಗಳಿಗಾಗಿ ಕಡೆಯ ಸಾಲಿನಲ್ಲಿ ಕಾದಿರುವ ತರುಣರೇ,

ಆಹ್ವಾನಪತ್ರಿಕೆಯಲ್ಲಿ ನಾನು ‘ತಂತಿವಾದ್ಯವೃಂದ’ ಎಂದೇ ಅಚ್ಚುಹಾಕಿಸಿದ್ದೆ. ತರೀಕೆರೆಯಲ್ಲಿ ಧ್ವನಿವರ್ಧಕ ಹಿಡಿದವರು ಅದನ್ನು ‘ಆರ್ಕೆಸ್ಟ್ರಾ’ ಎಂದು ಸಾರಿಬಿಟ್ಟರಂತೆ. ಅದನ್ನು ಕೇಳಿ ಬಂದ ಈರಭದ್ರಪ್ಪನವರು ಬಾಗಿಲಲ್ಲೇ ನನ್ನನ್ನು ತಡೆದು, “ಏನ್ ಸ್ವಾಮಿ, ಬರೀ ಪಿಟೀಲೇ ಅವೆ, ಹಾಡೋರೆಲ್ಲಿ?” ಎಂದರು. ಆ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ.

ತೀರ್ಥಪ್ಪನವರು ಹದಿನಾರು ತಂತಿವಾದ್ಯಗಳಿಗಾಗಿ ರಚಿಸಿದ ಕೃತಿ ಇನ್ನು ಸ್ವಲ್ಪ ಹೊತ್ತಿನಲ್ಲಿ ಮೊದಲ ಬಾರಿಗೆ ನುಡಿಯಲಿದೆ. ಅದರ ಸ್ವರಮೇಳವನ್ನು ವಿವರಿಸುವ ಹೊಣೆ ನನ್ನದು. ನಾನು ಗಮಕಿ, ಕಾವ್ಯವನ್ನು ರಾಗದಲ್ಲಿ ಓದುವವನು. ಶ್ರುತಿಯೆಂದರೆ ಒಂದೇ, ಸ್ವರ ಎಲ್ಲಿ ಅಲೆದರೂ ಮರಳಬೇಕಾದ ನೆಲೆ ಎಂದು ನಂಬಿದವನು. ಮೂವತ್ತೊಂದು ವರ್ಷ ಊರೂರಿನಲ್ಲಿ ಓದಿದೆ. ಅಷ್ಟೂ ವರ್ಷ ನನ್ನ ಬೆನ್ನ ಹಿಂದೆ ಕುಳಿತು ಶ್ರುತಿಪೆಟ್ಟಿಗೆಯ ತಿದಿ ಒತ್ತಿದವರು ನನ್ನ ಪತ್ನಿ ಮಲ್ಲಿಕಾಂಬ.

ನಿನ್ನೆಯ ಅಭ್ಯಾಸದಲ್ಲಿ, ಶ್ರುತಿಯಿಲ್ಲದೆ ಸಂಗೀತವುಂಟೇ ಎಂದು ನಾನೇ ಹಟ ಹಿಡಿದು ಆಕೆಯನ್ನು ವಾದಕರ ಹಿಂದೆ ಕೂರಿಸಿದೆ. ಮೊದಲು ಎಲ್ಲವೂ ಸರಿಯಾಗಿತ್ತು. ಆಮೇಲೆ ದಪ್ಪ ತಂತಿಗಳು ತಮ್ಮ ನೆಲೆಯಲ್ಲೇ ನಿಂತವು. ಸಣ್ಣ ತಂತಿಗಳು ಮೆಲ್ಲನೆ ಬೇರೊಂದು ನೆಲೆಗೆ ಸರಿದವು. ಬೀರೂರಿನಲ್ಲಿ ಎರಡು ರೈಲುಗಳು ಅಕ್ಕಪಕ್ಕ ನಿಂತಿರುತ್ತವೆ. ಒಂದು ಕದಲುತ್ತದೆ. ಕದಲಿದ್ದು ನಾವೋ, ಅವರೋ? ಆ ಗೊಂದಲದಲ್ಲೇ ನಾನಿದ್ದೆ.

ಆಗ ಶ್ರುತಿ ನಿಂತಿತು. ತಿರುಗಿ ನೋಡಿದರೆ ಆಕೆಯ ಕೈ ತಿದಿಯ ಮೇಲಿರಲಿಲ್ಲ.

“ಯಾಕೆ ನಿಲ್ಲಿಸಿದೆ?”

“ಇಲ್ಲಿ ಎರಡು ಶ್ರುತಿ ಐತೆ ಕಣ್ರೀ. ನಾನ್ ಯಾವ್ದುಕ್ಕೆ ಒತ್ಲಿ?”

ತೀರ್ಥಪ್ಪನವರು ಕಮಾನು ಕೆಳಗಿಟ್ಟು ನಕ್ಕರು. “ಬರ್ದು ಮೂರು ವರ್ಷಾಯ್ತು ಸ್ವಾಮಿ. ಅಮ್ಮಾರಂಗೆ ಯಾರೂ ಕೇಳಿರ್ಲಿಲ್ಲ. ಎರಡ್ರಲ್ಲಿ ಒಂದೂ ಸೋಲ್ಬಾರ್ದು, ಅಷ್ಟೇ ನನ್ ಆಸೆ.”

ಸಭಿಕರೇ, ವಿಷಯಾಂತರವನ್ನು ಮನ್ನಿಸಿ. ಐವತ್ಮೂರನೆಯ ಇಸವಿಯಲ್ಲಿ ಆಕೆ ಚೌಳಹಿರಿಯೂರಿನಿಂದ ಮದುವೆಯಾಗಿ ಬಂದಾಗ ಹಾಡುತ್ತಿದ್ದಳು. ಪೆಟ್ಟಿಗೆಯಲ್ಲಿ ನನ್ನ ಕಂಠ ತಗ್ಗಿನ ಶ್ರುತಿಯಾದ ಒಂದನೆಯ ಮನೆಗೆ ಕೂಡುತ್ತದೆ, ಆಕೆಯದು ಎತ್ತರದ ಐದೂವರೆಗೆ. “ನನ್ ಶ್ರುತೀಲಿ ಒಂದ್ಸಲ ಹಾಡ್ಲೇನ್ರೀ?” ಎಂದು ಕೇಳಿದಳು. ಒಂದು ಸಂಸಾರಕ್ಕೆ ಎರಡು ಶ್ರುತಿ ಸಲ್ಲದು ಎಂದೆ. ಮತ್ತೆ ಕೇಳಲಿಲ್ಲ. ಹಿತ್ತಿಲ ಬಾವಿಯ ಬಳಿ ಆಗಾಗ ಗುನುಗು ಕೇಳುತ್ತಿತ್ತು. ನನ್ನ ಹೆಜ್ಜೆಯ ಸದ್ದಿಗೆ ನಿಲ್ಲುತ್ತಿತ್ತು. ನಮ್ಮ ಮನೆ ಎಷ್ಟು ಶಾಂತ ಎಂದು ನಾನು ಬಂದವರೊಡನೆ ಹೇಳಿಕೊಳ್ಳುತ್ತಿದ್ದೆ.

ನಿನ್ನೆ ಆ ಸಣ್ಣ ತಂತಿಗಳು ಸರಿದು ನಿಂತ ನೆಲೆ ಯಾವುದು, ಬಲ್ಲಿರಾ? ಐದೂವರೆ. ಕೆಳಗೆ ನನ್ನದು, ಮೇಲೆ ಆಕೆಯದು. ಏನೂ ಮುರಿದುಬೀಳಲಿಲ್ಲ.

ಈರಭದ್ರಪ್ಪನವರೇ, ಹಾಡುವವರು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಬೆಳಿಗ್ಗೆ ಕೇಳಿಕೊಂಡಾಗ, “ಈಗ ಗಂಟ್ಲೆಲ್ಲೈತೆ, ಸುಮ್ನಿರಿ” ಎಂದರು. ಒಪ್ಪಲಿಲ್ಲ; ಒಲ್ಲೆನೆಂದೂ ಹೇಳಲಿಲ್ಲ.

ತೀರ್ಥಪ್ಪನವರ ಅನುಮತಿ ಪಡೆದಿದ್ದೇನೆ. ವೃಂದಕ್ಕೂ ಮೊದಲು ಒಂದು ಹಾಡಿಗೆ ಎಡೆಯಿದೆ. ಪೆಟ್ಟಿಗೆ ಇಲ್ಲಿದೆ, ಐದೂವರೆಗೆ ಇಟ್ಟಿದ್ದೇನೆ. ತಿದಿ ಒತ್ತಿ ನನಗೆ ರೂಢಿಯಿಲ್ಲ. ಗಾಳಿ ತಪ್ಪಿದರೆ ಸಭೆ ಕ್ಷಮಿಸಲಿ. ಆಕೆ ಎದ್ದು ಬರುವವರೆಗೂ ಒತ್ತುತ್ತಿರುತ್ತೇನೆ.

ಇಷ್ಟು ಹೊತ್ತು ನನ್ನೊಬ್ಬನ ದನಿಯನ್ನೇ ಸಹಿಸಿದ ನಿಮಗೂ, ಮೂವತ್ತೊಂದು ವರ್ಷ ಸಹಿಸಿದವರಿಗೂ ಕೃತಜ್ಞತೆಗಳು. ನಮಸ್ಕಾರ.