ಅವ್ವನ ಕಣದಲ್ಲಿ ಬಾಲು ಬಿದ್ದ ಗುರ್ತು

…ಅದ್ಕೇ ಅಂದೆ ಕಣ್ಲಾ, ಬಾಲ್ನ ಹಿತ್ಲಿಗ್ ಎಸೆದ್ಬುಟ್ಟು, ಉಣ್ದೆ ಮೂತಿ ಊದಿಸ್ಕಂಡ್ ಕುಂತ್ರೆ ಆಗೋಯ್ತಾ ಅಂತ. ಬಾ ಇಲ್ಲಿ, ಜಗುಲಿ ಮ್ಯಾಲೆ ಕುಂತ್ಕ. ಒಂದೇ ಓವರ್ನಲ್ಲಿ ನಾಕು ವೈಡಾ? ಆಗ್ಲಿ ಬುಡ್ಲಾ. ವೈಡ್ ಆಕ್ದೋನು ಭೂಮಿ ಮ್ಯಾಲೆ ನೀನೊಬ್ನೇನಾ? ನಿಮ್ ತಾತ ಡ್ರಿಲ್ ಮೇಷ್ಟ್ರಾಗಿದ್ದೋನು ಕಣ್ಲಾ, ಎಂತೆಂತಾ ಸೊಟ್ಟ ಬಾಲ್ ನೋಡಿವ್ನಿ. ನಮ್ಮವ್ವನ ಕಣದ ವಿಚಾರ ಏಳಿವ್ನಾ ನಿಂಗೆ? ಇಲ್ವಾ? ಅಯ್ಯೋ, ಕೇಳು ಮತ್ತೆ. ಏ ಪುಟ್ಟಿ, ನೀನೂ ಬಾರವ್ವ, ಆ ಎಲೆಅಡ್ಕೆ ತಟ್ಟೆ ಇತ್ಲಾಗ್ ತಕ್ಕಂಡ್ ಬಾ.

ಆಗಿನ್ನೂ ನಂಗೆ ಒಸಾ ಕೆಲ್ಸ, ಅರವತ್ತು ದಾಟಿತ್ತು ಇಸ್ವಿ. ಬೆಳ್ಳೂರ್ ಕ್ರಾಸಲ್ಲಿ ಬಸ್ ಇಳ್ದು ಒಳೀಕೆ ನಡ್ಕಂಡ್ ಬಂದ್ರೆ ನಮ್ಮೂರು, ಅಲ್ಲೇ ಇಸ್ಕೂಲು. ಆ ವರ್ಸ ಮಳೆ ಕೈ ಕೊಟ್ಬುಟ್ಟಿತ್ತು. ನಾಗಮಂಗ್ಲದ ಸೀಮೆ ಗೊತ್ತಲ್ಲ, ಪಾಂಡವಪುರದೋರಂಗೆ ನಾಲೆ ನೀರು ಬಂದದಾ ನಮ್ಗೆ? ಮ್ಯಾಕೆ ಮೋಡ ನೋಡ್ಕಂಡ್ ಕುಂತ್ಕಬೇಕು. ರೇಷನ್ನಲ್ಲಿ ಕೆಂಪು ಜೋಳ ಕೊಡೋರು. ಅದ್ರಲ್ಲಿ ಮುದ್ದೆ ಕಟ್ಟುದ್ರೆ ನಿಲ್ತಿರ್ನಿಲ್ಲ ಕಣವ್ವ, ತಟ್ಟೇಲಿ ಅಂಗೇ ಅರ್ಡ್ಕಬುಡೋದು. ಐಕ್ಳು ಅದನ್ನೇ ಉಂಡು ಬರೋವು, ಕೆಲವು ಉಣ್ದೇನೂ ಬರೋವು. ಇಂತಾ ಕಾಲ್ದಲ್ಲಿ ಇಸ್ಕೂಲ್ಗೆ ಒಂದ್ ಪೆಟ್ಗೆ ಬಂತು. ಬಿಚ್ಚಿದ್ರೆ ಒಂದ್ ಬ್ಯಾಟು, ಒಂದ್ ಬಾಲು, ಮೂರು ಕಡ್ಡಿ. ನಮ್ಮ ಹೆಡ್ಮೇಷ್ಟ್ರು, "ನೋಡ್ರೀ, ಇದನ್ನ ಕಲ್ಸಿ ಐಕ್ಳಿಗೆ" ಅಂದ್ಬುಟ್ರು. ನಾನೋ, ತರಬೇತಿಗೆ ಮೈಸೂರಿಗೋಗಿದ್ದಾಗ ಒಸಿ ಕಲ್ತಿದ್ದೆ, ಅಷ್ಟೇಯ. ಇಸ್ಕೂಲ್ ಮುಂದ್ಲ ಬಯ್ಲಲ್ಲಿ ಬರೀ ಕಲ್ಲು. ಬಾಲ್ ಬಿದ್ರೆ ಯಾವ್ ಕಡೀಕ್ ಎಗರ್ತದೆ ಅಂತ ದ್ಯಾವ್ರಿಗೂ ಗೊತ್ತಿಲ್ಲ. ಒಬ್ಬನ್ಗೆ ಕಣ್ಣುಬ್ಬು ಒಡ್ದು ರಕ್ತ ಬಂದ್ಬುಡ್ತು. ಸಾಕಪ್ಪ ಈ ಆಟ ಅಂತ ಪೆಟ್ಗೆ ಮುಚ್ಚಿಟ್ಟೆ.

ಈಗ ಅವ್ವನ ವಿಚಾರಕ್ ಬತ್ತೀನಿ. ಸಂಕ್ರಾಂತಿ ಮುಂದೆ… ಇಲ್ಲ ಇಲ್ಲ, ಸಂಕ್ರಾಂತಿ ಆಗೋಗಿತ್ತು. ಬೆಳೆ ಬರ್ಲಿ ಬುಡ್ಲಿ, ನಮ್ಮವ್ವ ಕಣ ಮಾಡ್ದೆ ಬುಟ್ಟೋಳೇ ಅಲ್ಲ. ನೆಲ ತಟ್ಟಿ, ಗಟ್ಟಿ ಮಾಡಿ, ಸಗಣೀಲಿ ಸಾರಿಸಿದ್ರೆ ಕನ್ನಡಿ ಕಣ್ಲಾ, ಕನ್ನಡಿ! ಆ ವರ್ಸವೂ ಸಾರಿಸಿದ್ಲು. ಬಂದ ರಾಗಿ ಒಪ್ಪೊತ್ಗೇ ಬಡ್ದು ಮುಗ್ದೋಯ್ತು. ಅವತ್ತಿಂದ ಅವ್ವ ಬೆಳಿಗ್ಗೆ ಎದ್ದು ಕಣದ ತಾವ ಓಗಿ ಸುಮ್ಕೆ ನಿಂತ್ಕಳೋಳು. ಒಂದಿನ ನನ್ ಕರ್ದು ಅಂದ್ಲು, "ಮಗಾ, ಬರಿದು ಕಣ ನೋಡಕಾಯ್ತಿಲ್ಲ ಕಣೋ. ಅದೇನೋ ಆಟ ಅಂತಿದ್ದಲ್ಲ, ಕರ್ಕಂಡ್ ಬಾ ಐಕ್ಳ. ರಾಶಿ ಇಲ್ದಿದ್ರೆ ಓಗ್ಲಿ, ಐಕ್ಳ ಕಾಲಾದ್ರೂ ಆಡ್ಲಿ." ಅಂಗಂದು ಸೆರಗಲ್ಲಿ ಕಣ್ಣೊರ್ಸ್ಕಂಡ್ಲು. ಆಮ್ಯಾಕೆ ತಕ್ಷಣ ಗಂಟ್ಲು ಬದ್ಲಾಯ್ತು, "ಆದ್ರೆ ಕೇಳಿಲ್ಲಿ, ಕಣದೊಳೀಕೆ ಎಕ್ಕಡ ಮೆಟ್ಕಂಡ್ ಬರಂಗಿಲ್ಲ. ಯಾವನ ಬಾಲ್ ನೆಲ ಕೀಳ್ತದೋ ಅವ್ನೇ ಸಗಣಿ ತಂದು ಸಾರಿಸ್ಬೇಕು. ನಾನ್ ಸಾರ್ಸಕಿಲ್ಲ!"

ಒಣಗಿದ ಸಗಣಿ ಮ್ಯಾಲೆ ಬಾಲ್ ಬಿದ್ರೆ ಅಲ್ಲೇ ಗುಂಡಗೆ ಸಿಪ್ಪೆ ಎದ್ದೋಗೋದು. ನಂಗೆ ಆಗ್ಲೇ ಗೊತ್ತಾಗಿದ್ದು, ಇದ್ಕಿಂತ ಮೇಷ್ಟ್ರು ಬ್ಯಾರೆ ಬೇಕಾ ಅಂತ. ಯಾರ್ ಬಾಲು ಎಲ್ಲಿ ಬಿತ್ತು, ನಾನು ತೋರಿಸ್ಬೇಕಾದ್ದೇ ಇಲ್ಲ, ನೆಲವೇ ತೋರಿಸ್ತದೆ. ಚಲುವ ಅಂತ ಒಬ್ಬ ಹುಡ್ಗ ಇದ್ದ, ಎಂಟ್ನೇ ಕ್ಲಾಸು. ಕಡ್ಡಿ ಅಂತಾ ಮೈ, ಆದ್ರೆ ಬಾಲ್ ಬುಟ್ರೆ ಗುಂಡು! ಗುಂಡೇನೋ ಸರಿ, ಕಣದ ತುಂಬಾ ಅಲ್ಲೊಂದು ಇಲ್ಲೊಂದು. ಸಂಜೆಗಂಟ ಅವ್ನೊಬ್ನೇ ಸಾರಿಸ್ತಾ ಕುಂತಿರೋನು. ಅವ್ವ ಅಲ್ಲೇ ಬೇಲಿ ಮಗ್ಲಲ್ಲಿ ನಿಂತ್ಕಂಡು, "ಏನ್ಲಾ ಚಲುವ, ಇವತ್ತು ಊರ್ ದನಗಳ್ ಸಗಣಿ ಎಲ್ಲಾ ನಿಂಗೇ ಬೇಕಾ?" ಅನ್ನೋಳು. ಅವ್ನ್ ಪೆಚ್ಚು ನಗೆ ನಗೋನು. ನಾನು ಮಗ್ಲಲ್ಲಿ ಕುಂತ್ಕಂಡು, ಬ್ಯಾಟ್ ಇಡ್ದೋನ್ಗೆ ಮುಂದಕ್ ಬರೋದಾ ಇಂದಕ್ ಓಗೋದಾ ಗೊತ್ತಾಗ್ದಂಗ್ ಆಯ್ತದಲ್ಲ, ಆ ಜಾಗ ಬೆಟ್ಟು ಮಾಡಿ ತೋರಿಸ್ದೆ. "ಇಲ್ಲೇ ಆಕ್ಲಾ ಮಗ. ಎಲ್ಲಾ ಒಂದೇ ತಾವ ಬಿದ್ರೆ ಒಂದೇ ಹಿಡಿ ಸಗಣಿ ಸಾಕಲ್ವಾ?" ಅದು ಅವ್ನ ತಲೆಗೋಯ್ತು ನೋಡು! ಕೈ ಎತ್ತೋದು, ಭುಜ ತಿರ್ಗ್ಸೋದು, ಎಲ್ಲಾ ನಿಧಾನಕ್ಕೆ ತಿದ್ದುದೆ. ಬತ್ತಾ ಬತ್ತಾ ಗುರ್ತೆಲ್ಲಾ ಅತ್ರತ್ರ ಬಂದೊ. ಆಮ್ಯಾಕೆ ಒಂದಿನ ಅವ್ನು ಒಂದೇ ಹಿಡಿ ಸಗಣಿ ತಕ್ಕಂಡು ಬಂದು ನನ್ ಮುಂದೆ ನಿಂತ್ಕಂಡ. ನನ್ಗೆ ಎದೆ ತುಂಬ್ಬಂದ್ಬುಡ್ತು ಕಣ್ಲಾ.

ಅಷ್ಟೊತ್ಗೆ ಅವ್ರಪ್ಪ ಬಂದ. "ಸಾ, ಇವ್ನ್ ಇಸ್ಕೂಲ್ ಬುಡಿಸ್ತೀನಿ ಸಾ. ಬೆಳ್ಳೂರ್ ಕ್ರಾಸಲ್ಲಿ ನಮ್ ಭಾವಂದು ಓಟ್ಲು. ಲೋಟ ತೊಳೀಲಿ. ಅಲ್ಲಾದ್ರೆ ಒಟ್ಟೆ ತುಂಬಾ ಉಣ್ತಾನೆ." ಬಯ್ಯಕಾಯ್ತದಾ ಆ ಮನ್ಸನ್ನ? ಮಗ ಉಣ್ಲಿ ಅಂತ ತಾನೆ ಕೇಳ್ತಿರೋದು. ನಾನು ಬಸ್ ಅತ್ತಿ ಪಾಂಡವಪುರಕ್ಕೋದೆ. ಅಲ್ಲೊಂದು ಹೈಸ್ಕೂಲು, ಊಟ ಹಾಕೋ ಹಾಸ್ಟೆಲ್ಲು, ಅಲ್ಲಿನ ದೊಡ್ಡ ಮೇಷ್ಟ್ರಿಗೆ ಈ ಆಟದ್ ಹುಚ್ಚು. ಕೈ ಮುಗ್ದು ಕೇಳ್ದೆ. ಅವ್ರು ಕನ್ನಡ್ಕ ಸರಿ ಮಾಡ್ಕಂಡು, "ಒಂದೇ ಜಾಗ ಇದೆ ರೀ, ಕೇಳೋರು ಬಾಳ ಜನ. ನಿಮ್ಮ ಹುಡುಗರನ್ನ ಕರ್ಕೊಂಡು ಬಂದು ಆಡ್ಸಿ. ಕಣ್ಣಾರೆ ನೋಡ್ತೀನಿ" ಅಂದ್ರು. ಚಲುವನ ಅಪ್ಪನ್ಗೆ, "ಇದೊಂದ್ ಆಟ ಆಡ್ಲಿ ಕಣಪ್ಪ, ಆಮ್ಯಾಕೆ ನಿನ್ನಿಷ್ಟ" ಅಂದೆ.

ಐಕ್ಳ ಕರ್ಕಂಡ್ ಪಾಂಡವಪುರಕ್ಕೋದೊ. ಅಲ್ಲಿ ನೋಡುದ್ರೆ ನೆಲದ ಮ್ಯಾಲೆ ನಾರಿನ ಚಾಪೆ ಆಸವ್ರೆ, ಮ್ಯಾಟು ಅಂತಾರಲ್ಲ ಅದು. ದೊಡ್ಡ ಮೇಷ್ಟ್ರೇ ಅಂಪೈರು. ಚಲುವ ಓಡ್ಬಂದು ಬಾಲ್ ಬುಟ್ಟ, ಎಲ್ಲೋ ಓಯ್ತು. ಇನ್ನೊಂದು, ಅದೂ ಅಂಗೇಯ. ನನ್ ಕಡೆ ತಿರ್ಗಿ ನೋಡ್ತಾನೆ, ಮುಖ ಬಿಳ್ಚ್ಕಬುಟ್ಟದೆ. ಆಗ ನಂಗೆ ಒಳೀತು. ಚಾಪೆ ಮ್ಯಾಲೆ ಗುರ್ತು ಬೀಳಕಿಲ್ಲ ಕಣ್ಲಾ! ಬಾಲ್ ಎಲ್ ಬಿತ್ತು ಅಂತ ಅವ್ನ್ಗೇ ಕಾಣ್ತಿಲ್ಲ. ಗುರ್ತು ನೋಡ್ಕಂಡೇ ಕಲ್ತ ಹುಡ್ಗ, ಕಣ್ ಕಟ್ಟಿ ಬುಟ್ಟಂಗಾಯ್ತು. ನಾನು ಆಚೆ ಗೆರೆ ತಾವ ಕೈಕೈ ಇಸುಕ್ಕಂಡು ನಿಂತಿವ್ನಿ, ಆ ಓಟ್ಲು ಲೋಟಗಳೇ ಕಣ್ ಮುಂದೆ ಬತ್ತವೆ. ಮೂರ್ನೇದೂ ವೈಡು. ಆಗ ಚಲುವ ಏನ್ ಮಾಡ್ದ ಅಂತೀಯ? ಸೀದಾ ನಡ್ಕಂಡೋಗಿ, ಚಾಪೆ ಮ್ಯಾಲೆ ಬಾಲ್ ಬಿದ್ದಿರ್ಬೋದು ಅನ್ನಿಸ್ದ ಜಾಗದಲ್ಲಿ ಕುಕ್ಕುರುಗಾಲಲ್ಲಿ ಕುಂತ್ಕಂಡು ಬರೀ ಅಂಗೈಯಲ್ಲಿ ಸಾರಿಸ್ತಾ ಅವ್ನೆ! ಇಂಗೆ, ಇಂಗೆ. ಸಗಣಿ ಇಲ್ಲ, ಏನಿಲ್ಲ. ಪಾಂಡವಪುರದ್ ಐಕ್ಳು ಬಿದ್ ಬಿದ್ ನಕ್ಕೊ. ದೊಡ್ಡ ಮೇಷ್ಟ್ರು, "ಏನಯ್ಯಾ ಮಾಡ್ತಿದೀಯಾ?" ಅಂದ್ರು. ಅವ್ನು ಎದ್ ನಿಂತು, "ತಪ್ ಬಿತ್ತು ಸಾ. ಸಾರಿಸ್ಬುಟ್ಟು ಬತ್ತೀನಿ ಸಾ" ಅಂದ.

ಆಮ್ಯಾಕೆ ಮುಂದಿಂದು ಬುಟ್ಟ ನೋಡು. ಅದೇ ಜಾಗ. ನಾನು ಬೆಟ್ಟು ಮಾಡಿ ತೋರ್ಸಿದ್ದ ಜಾಗ. ಕಡ್ಡಿ ಎಗರೋಯ್ತು! ಮ್ಯಾಚೇನೋ ಸೋತೊ, ನಮ್ಮೋರ್ಗೆ ಬ್ಯಾಟ್ ಎಲ್ ಬರ್ತಿತ್ತು? ಆದ್ರೆ ಅವ್ನ್ ಬಾಲ್ಗೆ ಆ ಕಡೆಯೋರು ಒಬ್ರಿಂದೆ ಒಬ್ರು ಔಟಾಗಿ ಒಂಟೋದ್ರು. ಆಟ ಮುಗುದ್ ಮ್ಯಾಲೆ ದೊಡ್ಡ ಮೇಷ್ಟ್ರು ಚಲುವನ ಅಂಗೈ ಇಡ್ಕಂಡು ನೋಡ್ತಾ, "ಟೀಸಿ ಗೀಸಿ ಆಮೇಲೆ ಕಳ್ಸಿ. ಇವನು ಇವತ್ತು ರಾತ್ರಿ ಊಟ ಇಲ್ಲೇ ಮಾಡ್ಲಿ" ಅಂದ್ರು. ಬಸ್ಸಲ್ಲಿ ಬತ್ತಾ ಕಿಟ್ಕಿ ಕಡೆ ತಿರೀಕಂಡು ಅತ್ಬುಟ್ಟೆ ಕಣವ್ವ. ನಾಚ್ಕೆ ಏನ್ ಬಂತು.

ಮನೇಲಿ ಅವ್ವ ಕೇಳುದ್ಲು, "ಗೆದ್ರೇನ್ಲಾ?" "ಸೋತೊ ಕಣವ್ವ." "ಚಲುವ?" "ಅಲ್ಲೇ ಉಳ್ಕಂಡ. ಉಣ್ಣಕ್ ಇಕ್ತಾರೆ." ಬೆಳಿಗ್ಗೆ ನೋಡ್ತೀನಿ, ಅವ್ವ ಕಣ ಎಲ್ಲಾ ತಾನೇ ಸಾರಿಸವ್ಳೆ, ಒಂದೇ ಒಂದು ಗುರ್ತು ಬುಟ್ಟವ್ಳೆ. ಚಲುವ ಪಾಂಡವಪುರಕ್ಕೋಗೋ ಮುಂಚೆ ಕೊನೇದಾಗಿ ಆಕಿದ್ ಬಾಲು. "ಇದ್ಯಾಕವ್ವ ಬುಟ್ಟೆ?" ಅಂದೆ. "ಅವ್ನ್ ಗುರ್ತು ಅದು. ಯುಗಾದಿ ರಜಕ್ ಬಂದು ಅವ್ನೇ ಸಾರಿಸ್ಲಿ" ಅಂದ್ಲು. ಯುಗಾದಿಗ್ ಬಂದ ಕಣ್ಲಾ. ಬ್ಯಾಗ್ ಇನ್ನೂ ಎಗಲ ಮ್ಯಾಲೇ ಅದೆ, ಎಕ್ಕಡ ಆಚೆ ಬುಟ್ಟು, ಕೈಲಿ ಒಂದ್ ಹಿಡಿ ಸಗಣಿ.

ತಪ್ ಬಾಲು ಎಲ್ರೂ ಆಕ್ತಾರೆ ಮಗ. ಬಿದ್ದ ಜಾಗ ನೀನೇ ಸಾರಿಸ್ಬುಟ್ಟು ಇನ್ನೊಂದ್ ಆಕ್ಬೇಕು, ಅಷ್ಟೇಯ. ಏಳು, ಹಿತ್ಲಲ್ಲಿರೋ ಬಾಲ್ ತಕ್ಕಂಡ್ ಬಾ, ಮುದ್ದೆ ಆರೋಯ್ತದೆ.