ಒಬ್ಬಾಕಿಗೆ ಬ್ಯಾರೆ ಅಡಿಗಿ

ಕುಷ್ಟಗಿ ಬಸ್ ನಿಲ್ದಾಣದಲ್ಲಿ ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದ ವಿಜಯಲಕ್ಷ್ಮಿಯ ಪಕ್ಕಕ್ಕೆ ಅಕ್ಕ ತಂಗಿ ಇಬ್ಬರು ಬಂದು ಕೂತರು. ತಂಗಿ ಹೊಳಿಯಮ್ಮನಿಗೆ ಪಿತ್ತಕೋಶ ತೆಗೆದು ಹನ್ನೆರಡು ದಿನವಾಗಿತ್ತಂತೆ. ದವಾಖಾನೆಯಲ್ಲಿ ತೋರಿಸಿಕೊಂಡು ಬಂದಿದ್ದಳು. ಬೇಡವೆಂದರೂ ಅವರ ಮಾತು ವಿಜಯಲಕ್ಷ್ಮಿಯ ಕಿವಿಗೆ ಬೀಳುತ್ತಿತ್ತು.

“ನಿನ್ನೆ ಏನು ಉಂಡಿದ್ದಿ?” ಅಕ್ಕ ಕೇಳಿದಳು.

“ಮನ್ಯಾಗ ಎಲ್ಲಾರಿಗೂ ಮಾಡಿದ್ದನ್ನ. ರೊಟ್ಟಿ, ಎಣ್ಣಿಗಾಯಿ.”

“ಅದಕ್ಕ ಹೊಟ್ಟಿ ಹಿಡ್ಕೊಂಡು ಕುಂತಿ. ಎಣ್ಣಿ ಕಡಿಮಿ ಮಾಡು, ಸ್ವಲ್ಪ ಸ್ವಲ್ಪ ಉಣ್ಣು ಅಂತ ಡಾಕ್ಟರು ಎಷ್ಟು ಸಲ ಹೇಳಬೇಕು? ಮೆತ್ತಗ ಅನ್ನ, ಬ್ಯಾಳಿ ಮಾಡ್ಕೊಳ್ಳಾಕ ಏನಾಗೈತಿ?”

“ನನಗೊಬ್ಬಾಕಿಗೆ ಬ್ಯಾರೆ ಅಡಿಗಿ ಮಾಡ್ಕೊಂಡು ಉಣ್ಣಲೇನ? ಮಂದಿ ಏನಂದಾರು?”

“ಹೋದ ವರ್ಷ ನಿನ್ನ ಗಂಡಗ ಇದ ಆಪರೇಶನ್ ಆದಾಗ ಒಂದು ತಿಂಗಳು ಬ್ಯಾರೆ ಮಾಡಿದಿ. ಆವಾಗ ಮಂದಿ ಏನಂದ್ರು?”

“ಗಂಡನ್ನ ಭಾಳ ಛಲೋ ನೋಡ್ಕೊಂಡಾಳ ಅಂದ್ರು.”

ಅಕ್ಕ ಹಣೆ ಬಡಿದುಕೊಂಡಳು. “ಆವಾಗ ಅವನಿಗೆ ಅನ್ನ ಕುದಿಸ್ತಿದ್ದಿಯಲ್ಲ, ಆ ಸಣ್ಣ ಬೋಗಾಣಿ ಎಲ್ಲೈತಿ?”

“ಅವರು ಆರಾಮ ಆದ ಮ್ಯಾಲ ಅಟ್ಟದ ಮ್ಯಾಲ ಇಟ್ಟೀನಿ.”

“ಇಳಿಸ್ಕೋಬೇಕಿಲ್ಲೋ?”

“ಮ್ಯಾಲ ಹತ್ತಬ್ಯಾಡ, ಭಾರ ಎತ್ತಬ್ಯಾಡ ಅಂದಾರಕ್ಕ ಡಾಕ್ಟರು.”

“ಅದೊಂದು ಮಾತು ಸರಿಯಾಗಿ ಕೇಳೀದಿ ನೋಡು.”

ಹನುಮಸಾಗರದ ಬಸ್ಸು ಬಂತು. ಹೊಳಿಯಮ್ಮ ಮೆಲ್ಲಗೆ ಎದ್ದಳು. ಯಲಬುರ್ಗಾದ ಬಸ್ಸು ಹತ್ತಬೇಕಿದ್ದ ಅಕ್ಕ, ತಂಗಿಯ ಚೀಲ ಕಸಿದುಕೊಂಡು ಅವಳಿಗಿಂತ ಮೊದಲೇ ಅದೇ ಬಸ್ಸಿನ ಬಾಗಿಲಿಗೆ ಹೋದಳು.

“ನೀ ಎಲ್ಲಿಗಕ್ಕ?”

“ಬೋಗಾಣಿ ಇಳಸಾಕ. ಅದರ ಮುಂದ ನಿನ್ನ ಗಂಡನ್ನ ಕುಂದರಸಾಕ. ಹತ್ತು.”